ಸಂಭವನೀಯತೆಯ ಪಾಠವನ್ನು ನಾನು ಯೋಜಿಸುವ ಬಗೆ

ಬಿ.ಎಸ್‌ಸಿ. ತರಗತಿಗೆ ಸಂಭವನೀಯತಾ ಸಿದ್ಧಾಂತದ ಪಾಠವನ್ನು ಯೋಜಿಸುವಾಗ, ಸೆಮಿಸ್ಟರ್ ಮುಗಿಯುವ ಹೊತ್ತಿಗೆ ವಿದ್ಯಾರ್ಥಿಗಳು ಯಾರ ನೆರವೂ ಇಲ್ಲದೆ ಏನನ್ನು ಮಾಡಬಲ್ಲವರಾಗಿರಬೇಕು ಎಂಬುದನ್ನು ನಾನು ಮೊದಲು ಬರೆದುಕೊಳ್ಳುತ್ತೇನೆ. ಮಾತಿನಲ್ಲಿ ಕೊಟ್ಟ ಸಮಸ್ಯೆಯನ್ನು ಓದಿ ಸಾಧ್ಯ ಫಲಿತಗಳ ಗಣವನ್ನು ತಾವೇ ಬರೆಯುವುದು, ಹೊಸ ಮಾಹಿತಿ ದೊರೆತಾಗ ಆ ಗಣ ಹೇಗೆ ಕಿರಿದಾಗುತ್ತದೆಂದು ತೋರಿಸುವುದು, ದ್ವಿಪದ ವಿತರಣೆ (ನಿಗದಿತ ಸಂಖ್ಯೆಯ ಪ್ರಯತ್ನಗಳಲ್ಲಿ ಗೆಲುವುಗಳ ಎಣಿಕೆಗೆ) ಅಥವಾ ಪಾಯ್ಸನ್ ವಿತರಣೆಯನ್ನು (ಅಪರೂಪದ ಘಟನೆಗಳ ಎಣಿಕೆಗೆ) ಆರಿಸಿಕೊಂಡುದಕ್ಕೆ ಕಾರಣ ಹೇಳುವುದು, ಇವು ನನ್ನ ಮುಖ್ಯ ಅಪೇಕ್ಷೆಗಳು. ಇವನ್ನು ಮೊದಲ ತರಗತಿಯಲ್ಲಿಯೇ ಬರೆದು ಕೊಡುತ್ತೇನೆ.

ಕ್ರಮಯೋಜನೆ ಮತ್ತು ವಿಕಲ್ಪಗಳನ್ನು (ವಸ್ತುಗಳನ್ನು ಜೋಡಿಸುವ, ಆರಿಸುವ ಬಗೆಗಳ ಎಣಿಕೆ) ಪಿಯುಸಿಯಲ್ಲಿ ಕಲಿತು ಬಂದಿರುವುದರಿಂದ ಅವುಗಳಿಗೆ ಒಂದು ವಾರಕ್ಕಿಂತ ಹೆಚ್ಚು ಕೊಡುವುದಿಲ್ಲ. ರಷ್ಯಾದ ಗಣಿತಜ್ಞ ಕೊಲ್ಮೊಗೊರೊವ್ 1933ರಲ್ಲಿ ಮಂಡಿಸಿದ ಸಂಭವನೀಯತೆಯ ಆಧಾರತತ್ತ್ವಗಳನ್ನು ಬೋರ್ಡಿನ ಮೇಲೆ ಬರೆದು, ಪೂರಕ ಘಟನೆಯ ನಿಯಮ, ಸಂಕಲನ ನಿಯಮ ಮೊದಲಾದವನ್ನು ವಿದ್ಯಾರ್ಥಿಗಳೇ ಸಾಧಿಸುವಂತೆ ಮಾಡುತ್ತೇನೆ.

ಷರತ್ತುಬದ್ಧ ಸಂಭವನೀಯತೆಗೆ, ಅಂದರೆ ಒಂದು ಘಟನೆ ನಡೆದಿದೆಯೆಂದು ತಿಳಿದಾಗ ಇನ್ನೊಂದರ ಸಂಭವನೀಯತೆಗೆ, ಮಾತ್ರ ಪೂರ್ತಿ ಮೂರು ವಾರ ಮೀಸಲು, ಏಕೆಂದರೆ ಮುಂದಿನ ಎಲ್ಲವೂ ಅದರ ಮೇಲೆ ನಿಂತಿದೆ. ಸಾವಿರಕ್ಕೆ ಒಬ್ಬರಿಗಿರುವ ಕಾಯಿಲೆಯೊಂದನ್ನು ಒಂದು ಪರೀಕ್ಷೆ ರೋಗಿಗಳಲ್ಲಿ ಶೇ. 99ರಷ್ಟು ಸಲ ಸರಿಯಾಗಿ ಗುರುತಿಸುತ್ತದೆ, ಆರೋಗ್ಯವಂತರಲ್ಲಿ ಶೇ. 5ರಷ್ಟು ಜನರನ್ನು ತಪ್ಪಾಗಿ ರೋಗಿಗಳೆನ್ನುತ್ತದೆ ಎಂದುಕೊಳ್ಳೋಣ. ಪರೀಕ್ಷೆಯಲ್ಲಿ ಪಾಸಿಟಿವ್ ಬಂದವರಿಗೆ ನಿಜವಾಗಿ ಕಾಯಿಲೆ ಇರುವ ಸಂಭವ ಎಷ್ಟು ಎಂದು ಕೇಳಿದರೆ, ತರಗತಿಯ ಬಹುಪಾಲು ಉತ್ತರ ತೊಂಬತ್ತರ ಆಚೆಗಿರುತ್ತದೆ. ಒಂದು ಲಕ್ಷ ಜನರನ್ನು ಊಹಿಸಿಕೊಂಡು ಎಣಿಸಿದಾಗ 99 ನಿಜವಾದ ಪಾಸಿಟಿವ್‌ಗಳೂ 4,995 ತಪ್ಪು ಪಾಸಿಟಿವ್‌ಗಳೂ ಸಿಕ್ಕಿ, ಉತ್ತರ ಸುಮಾರು ಶೇ. 2ಕ್ಕೆ ಇಳಿಯುತ್ತದೆ. ಇದೇ ಲೆಕ್ಕವನ್ನು ಸೂತ್ರವಾಗಿ ಹೇಳುವ ಬೇಯ್ಸ್ ಪ್ರಮೇಯವನ್ನು ಈ ಎಣಿಕೆಯ ನಂತರವೇ ಬರೆಯಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಪರಸ್ಪರ ಬಹಿಷ್ಕಾರಕ ಘಟನೆಗಳನ್ನೂ (ಒಟ್ಟಿಗೆ ನಡೆಯಲಾರದವು) ಸ್ವತಂತ್ರ ಘಟನೆಗಳನ್ನೂ (ಒಂದು ನಡೆದರೂ ಇನ್ನೊಂದರ ಸಂಭವನೀಯತೆ ಬದಲಾಗದವು) ಒಂದೇ ಎಂದು ತಿಳಿಯುವುದು ಇದೇ ಹಂತದಲ್ಲಿ ಕಾಣಿಸುತ್ತದೆ. ಎರಡರ ಸಂಭವನೀಯತೆಯೂ ಸೊನ್ನೆಗಿಂತ ಹೆಚ್ಚಿದ್ದರೆ ಬಹಿಷ್ಕಾರಕ ಘಟನೆಗಳು ಸ್ವತಂತ್ರವಾಗಿರಲಾರವು ಎಂಬುದನ್ನು ಎರಡೇ ಸಾಲುಗಳಲ್ಲಿ ಅವರು ಸಾಧಿಸಬೇಕು.

ಯಾದೃಚ್ಛಿಕ ಚರಗಳಿಗೆ (ಆಕಸ್ಮಿಕ ಫಲಿತವನ್ನು ಅವಲಂಬಿಸಿದ ಸಂಖ್ಯೆಗಳಿಗೆ) ಬಂದ ಕೂಡಲೇ ನಿರೀಕ್ಷಿತ ಮೌಲ್ಯದ ಸಂಕಲನ ಗುಣವನ್ನು, ಅಂದರೆ ಮೊತ್ತದ ಸರಾಸರಿ ಸರಾಸರಿಗಳ ಮೊತ್ತವೇ ಎಂಬುದನ್ನು, ಹೇಳಿಬಿಡುತ್ತೇನೆ. ಹಲವರ ಉತ್ತರ ಪತ್ರಿಕೆಗಳನ್ನು ಕಲೆಸಿ ತಲೆಗೊಂದರಂತೆ ಹಂಚಿದರೆ, ಗುಂಪು ಎಷ್ಟೇ ದೊಡ್ಡದಿರಲಿ, ತಮ್ಮದೇ ಪತ್ರಿಕೆ ಸಿಗುವವರ ಸರಾಸರಿ ಸಂಖ್ಯೆ 1 ಎಂಬ ಫಲಿತಾಂಶ, ಚರಗಳು ಸ್ವತಂತ್ರವಲ್ಲದಿದ್ದರೂ ಈ ಗುಣ ಕೆಲಸ ಮಾಡುತ್ತದೆಂದು ಮನವರಿಕೆ ಮಾಡುತ್ತದೆ. ಅವಿಚ್ಛಿನ್ನ ಚರಗಳಲ್ಲಿ (ಒಂದು ವ್ಯಾಪ್ತಿಯೊಳಗೆ ಯಾವ ಬೆಲೆಯನ್ನಾದರೂ ಪಡೆಯಬಲ್ಲವು) ತೊಡಕಾಗುವುದು ಹೆಚ್ಚಾಗಿ ಅನುಕಲನವೇ. ಆದ್ದರಿಂದ ಮೊದಲ ವಾರದಲ್ಲಿಯೇ ಅನುಕಲನ ಮತ್ತು ಅನಂತ ಶ್ರೇಣಿಗಳ ಮೇಲೆ, ಅಂಕಗಳಿಲ್ಲದ ಒಂದು ಸಣ್ಣ ಪರೀಕ್ಷೆ ಕೊಟ್ಟು, ಹಿಂದುಳಿದವರಿಗೆ ಆಗಲೇ ಅಭ್ಯಾಸದ ಲೆಕ್ಕಗಳನ್ನು ಒದಗಿಸುತ್ತೇನೆ.

ಇಂಟರ್ನಲ್ ಪರೀಕ್ಷೆಗಳಲ್ಲಿ ಅಂತಿಮ ಸಂಖ್ಯೆಗಿಂತ ಘಟನೆಗಳ ನಿರೂಪಣೆಗೆ ಹೆಚ್ಚು ಅಂಕಗಳಿರುತ್ತವೆ. ರಜೆ, ಚುನಾವಣೆಗಳಿಂದ ವಾರಗಳು ಕೈತಪ್ಪಿದರೆ ಕೇಂದ್ರ ಮಿತಿ ಪ್ರಮೇಯದ (ಅನೇಕ ಸ್ವತಂತ್ರ ಚರಗಳ ಮೊತ್ತದ ವಿತರಣೆ ಸಾಮಾನ್ಯವಾಗಿ ಗಂಟೆಯಾಕಾರಕ್ಕೆ ಹತ್ತಿರವಾಗುತ್ತದೆಂಬುದರ) ಸಾಧನೆಯನ್ನು ಬಿಟ್ಟು, ದಾಳಗಳ ಮೊತ್ತದ ನಕ್ಷೆಗಳಿಂದ ಅದರ ಅರ್ಥವನ್ನಷ್ಟೇ ತಿಳಿಸುತ್ತೇನೆ. ಷರತ್ತುಬದ್ಧ ಸಂಭವನೀಯತೆಯ ಮೂರು ವಾರಗಳನ್ನು ಮೊಟಕುಗೊಳಿಸುವುದಿಲ್ಲ.