ಚಿಕ್ಕ ತುಂಡು ಉದುರದಂತೆ ಲೇಸರ್ ಕಟಿಂಗ್: ಟ್ಯಾಬ್ ಬಿಡುವುದು ಹೇಗೆ?

ಲೇಸರ್ ಮೆಷೀನಿನಲ್ಲಿ ದೊಡ್ಡ ತುಂಡು ಕತ್ತರಿಸುವುದು ಸಲೀಸು. ಕಿರಿಕಿರಿ ಶುರುವಾಗುವುದು ಉಗುರಿನಷ್ಟು ಚಿಕ್ಕ ತುಂಡುಗಳಲ್ಲಿ. ಸುತ್ತ ಪೂರ್ತಿ ಕಟ್ ಆದ ಕೂಡಲೇ ತುಂಡಿಗೆ ಹಿಡಿತ ತಪ್ಪುತ್ತದೆ. ಶೀಟ್ ಇಡುವ ಬೆಡ್‌ನ ಜಾಲರಿಯ ತೂತಿಗಿಂತ ಚಿಕ್ಕದಿದ್ದರೆ ಕೆಳಗಿನ ಟ್ರೇಗೆ ಬೀಳುತ್ತದೆ. ಸ್ವಲ್ಪ ದೊಡ್ಡದಿದ್ದರೆ ಓರೆಯಾಗಿ ಸಿಕ್ಕಿಕೊಳ್ಳುತ್ತದೆ. ಇನ್ನೂ ಹಗುರ ಇದ್ದರೆ ಏರ್ ಅಸಿಸ್ಟ್ (ಕಟ್ ಆಗುವ ಜಾಗಕ್ಕೆ ಊದುವ ಗಾಳಿ) ರಭಸಕ್ಕೆ ಹಾರಿ, ಮುಂದೆ ಕಟ್ ಆಗಬೇಕಾದ ಜಾಗದ ಮೇಲೇ ಹೋಗಿ ಕೂರುತ್ತದೆ. ಆಗ ಅಲ್ಲಿ ಕಟ್ ಅರ್ಧಂಬರ್ಧ. ಲೋಹದ ಶೀಟಿನಲ್ಲಿ ಎದ್ದು ನಿಂತ ತುಂಡಿಗೆ ಲೇಸರ್ ಹೊತ್ತು ಓಡಾಡುವ ಹೆಡ್ ಡಿಕ್ಕಿ ಹೊಡೆದರೆ ಅದರ ತುದಿಯ ನಾಜಲ್ಲೇ ಹಾಳಾಗಬಹುದು.

ಇದಕ್ಕೆ ಪರಿಹಾರ ಟ್ಯಾಬ್. ಕಟ್ ಗೆರೆಯಲ್ಲಿ ಅಲ್ಲಲ್ಲಿ ಅರ್ಧ ಮಿಲಿಮೀಟರ್ ಆಸುಪಾಸಿನ ಜಾಗವನ್ನು ಕತ್ತರಿಸದೆ ಬಿಡುವುದು, ಅಷ್ಟೇ. ತುಂಡು ಶೀಟಿಗೇ ಅಂಟಿಕೊಂಡಿರುತ್ತದೆ. ಕೆಲಸ ಮುಗಿದ ಮೇಲೆ ಇಡೀ ಶೀಟನ್ನು ಎತ್ತಿಕೊಂಡು, ನಿಧಾನಕ್ಕೆ ಬಿಡಿಸಿಕೊಳ್ಳಬಹುದು.

ಮೊದಲು ಕರ್ಫ್ ಅಳೆಯಿರಿ

ಹೊಸಬರು ಸಾಮಾನ್ಯವಾಗಿ ಎಡವುವುದು ಇಲ್ಲೇ. ಫೈಲ್‌ನಲ್ಲಿ 0.2 ಮಿ.ಮೀ. ಅಂತರ ಬಿಡುತ್ತಾರೆ, ಶೀಟ್ ಎತ್ತಿದರೆ ತುಂಡುಗಳೆಲ್ಲ ಪಟಪಟ ಉದುರುತ್ತವೆ. ಕಾರಣ ಸರಳ. ಲೇಸರ್ ಕಿರಣಕ್ಕೂ ಒಂದು ದಪ್ಪ ಇದೆ. ಅದು ಸುಟ್ಟು ತೆಗೆಯುವ ಗೆರೆಯ ಅಗಲವೇ ಕರ್ಫ್. ಕಿರಣದ ನಡುಭಾಗ ಟ್ಯಾಬ್‌ನ ಅಂಚಿನಲ್ಲಿ ನಿಂತಾಗ, ಅರ್ಧ ಕರ್ಫ್‌ನಷ್ಟು ಟ್ಯಾಬ್ ಒಳಗೂ ಸುಟ್ಟಿರುತ್ತದೆ. ಎರಡೂ ಕಡೆ ಹೀಗೇ ಆಗುತ್ತದೆ. ಅಂದರೆ ಕರ್ಫ್ 0.15 ಇದ್ದರೆ, 0.2 ಬಿಟ್ಟ ಟ್ಯಾಬ್‌ನಲ್ಲಿ ನಿಜಕ್ಕೂ ಉಳಿಯುವುದು 0.05 ಮಾತ್ರ. ಅದು ಯಾವುದನ್ನು ತಾನೇ ಹಿಡಿದೀತು? ಸಾಲದ್ದಕ್ಕೆ, ಗೆರೆ ಶುರುವಾಗುವ ಮತ್ತು ನಿಲ್ಲುವ ಕಡೆ ಹೆಡ್ ನಿಧಾನ ಆಗುವುದರಿಂದ ಶಾಖ ಅಲ್ಲಿ ಇನ್ನಷ್ಟು ಜಾಸ್ತಿ.

ಕರ್ಫ್ ಅಳೆಯಲು ಕಷ್ಟವೇನಿಲ್ಲ. 100 ಮಿ.ಮೀ. ಉದ್ದದ ಆಯತ ಬರೆದು, ಅದನ್ನು 10 ಮಿ.ಮೀ. ಅಗಲದ ಹತ್ತು ಪಟ್ಟಿಗಳಾಗಿ ಭಾಗ ಮಾಡಿ. ಪಕ್ಕಪಕ್ಕದ ಪಟ್ಟಿಗಳಿಗೆ ನಡುವೆ ಒಂದೇ ಗೆರೆ ಇರಲಿ. ಒಂದರ ಮೇಲೊಂದು ಎರಡು ಗೆರೆ ಬಿದ್ದರೆ ಎರಡು ಸಲ ಸುಟ್ಟು ಲೆಕ್ಕ ತಪ್ಪುತ್ತದೆ. ಕತ್ತರಿಸಿದ ಹತ್ತೂ ಪಟ್ಟಿಗಳನ್ನು ಒತ್ತಾಗಿ ಜೋಡಿಸಿ, ಕ್ಯಾಲಿಪರ್‌ನಲ್ಲಿ ಅಳೆಯಿರಿ. 98.5 ಬಂದರೆ, ಕಳೆದುಹೋದ 1.5 ಅನ್ನು ಹತ್ತರಿಂದ ಭಾಗಿಸಿ. ಕರ್ಫ್ 0.15. ಪವರ್, ಸ್ಪೀಡ್, ಫೋಕಸ್, ಶೀಟಿನ ದಪ್ಪ, ಯಾವುದು ಬದಲಾದರೂ ಇದೂ ಬದಲಾಗುತ್ತದೆ.

ಇನ್ನು ಅಗಲ. 3 ಮಿ.ಮೀ. ಪ್ಲೈವುಡ್ ಅಥವಾ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಆದರೆ ಫೈಲ್‌ನಲ್ಲಿ 0.5 ಬಿಟ್ಟು ಶುರು ಮಾಡಿ. ಅದೇ ದಪ್ಪದ ಅಕ್ರಿಲಿಕ್‌ಗೆ 0.4 ಸಾಕು, ಕಾರ್ಡ್ ಪೇಪರ್‌ಗೆ 0.3. ಇವು ಶುರು ಮಾಡಲು ಮಾತ್ರ. ಶೀಟಿನ ಮೂಲೆಯಲ್ಲಿ ಒಂದೇ ಆಕಾರವನ್ನು 0.3, 0.4, 0.5, 0.6 ಟ್ಯಾಬ್ ಇಟ್ಟು ಕತ್ತರಿಸಿ, ಶೀಟನ್ನು ಅಲ್ಲಾಡಿಸಿ ನೋಡಿ. ಉದುರದೆ ನಿಂತು, ಬೆರಳಲ್ಲಿ ಒತ್ತಿದರೆ ಬಿಡುವಂಥದ್ದೇ ನಿಮ್ಮ ಅಳತೆ.

ಎಲ್ಲಿ ಬಿಡಬೇಕು?

ಎಷ್ಟು ಟ್ಯಾಬ್ ಅನ್ನುವ ಪ್ರಶ್ನೆಗೆ ಉತ್ತರ ಚುಟುಕು: ಚಿಕ್ಕ ತುಂಡಿಗೆ ಎದುರುಬದುರು ಎರಡು, ಉದ್ದನೆಯದಕ್ಕೆ ಮೂರೋ ನಾಲ್ಕೋ. ಒಂದೇ ಟ್ಯಾಬ್ ಬಿಟ್ಟರೆ ತುಂಡು ಅದನ್ನೇ ಹಿಡಿದು ಬಾಗಿಲಿನ ಹಾಗೆ ತಿರುಗಿ ಜೋತುಬೀಳುತ್ತದೆ. ಭಯಕ್ಕೆ ಹತ್ತೆಂಟು ಬಿಡುವವರೂ ಇದ್ದಾರೆ. ಪ್ರತಿ ಟ್ಯಾಬ್‌ಗೂ ಆಚೀಚೆ ಎರಡು ಸುಟ್ಟ ಚುಕ್ಕೆ ಬೀಳುತ್ತವೆ, ಅಷ್ಟೂ ಕಡೆ ಉಜ್ಜುತ್ತಾ ಕೂರಬೇಕಾಗುತ್ತದೆ.

ಜಾಗದ ಬಗ್ಗೆ ಮಾತ್ರ ನಿಜಕ್ಕೂ ತಲೆ ಓಡಿಸಬೇಕು. ಮೂಲೆಯಲ್ಲಿ ಬೇಡ, ಬಿಡಿಸುವಾಗ ಮೂಲೆಯೇ ಮುರಿಯಬಹುದು. ಚೂಪಾದ ತುದಿ, ಗೇರ್‌ನ ಹಲ್ಲು, ಇನ್ನೊಂದು ತುಂಡಿನೊಳಗೆ ಕೂರುವ ಅಂಚು, ಇಲ್ಲೆಲ್ಲ ಬೇಡವೇ ಬೇಡ. ಟ್ಯಾಬ್ ಮುರಿದ ಮೇಲೆ ಉಳಿದ ಚೂರೇ ಚೂರು ಉಬ್ಬೂ ಜೋಡಣೆಯನ್ನು ಬಿಗಿ ಮಾಡುತ್ತದೆ. ನೇರವಾದ ಅಂಚು ಒಳ್ಳೆಯದು, ಉಜ್ಜುವುದು ಸುಲಭ. ಅಂಟಿಸಿದ ಮೇಲೆ ಮರೆಯಾಗುವ ಅಂಚು ಇನ್ನೂ ಒಳ್ಳೆಯದು.

ಪ್ಲೈವುಡ್‌ನಲ್ಲಿ ಎಳೆಯ ದಿಕ್ಕನ್ನೂ ನೋಡಿ. ಮೇಲಿನ ಪದರದ ಎಳೆ ಎತ್ತ ಓಡುತ್ತದೋ, ಅದಕ್ಕೆ ಸಮಾನಾಂತರ ಇರುವ ಅಂಚಿನಲ್ಲಿ ಟ್ಯಾಬ್ ಇಟ್ಟರೆ ಅದು ಎಳೆಯ ಗುಂಟ ಸೀಳಿ ಚೊಕ್ಕವಾಗಿ ಬಿಡುತ್ತದೆ. ಅಡ್ಡ ಅಂಚಿನಲ್ಲಿ ಇಟ್ಟರೆ ಎಳೆಗಳು ಶೀಟಿನಿಂದ ಟ್ಯಾಬ್ ದಾಟಿ ತುಂಡಿನೊಳಕ್ಕೆ ಹೋಗಿರುತ್ತವೆ. ಟ್ಯಾಬ್ ಗಟ್ಟಿ ಏನೋ ಹೌದು, ಆದರೆ ಮುರಿಯುವಾಗ ಮೇಲ್ಪದರದ ಸಿಬಿರನ್ನೂ ಎಬ್ಬಿಸಿಕೊಂಡು ಬರುತ್ತದೆ.

ಫೈಲ್‌ನಲ್ಲಿ ಮಾಡುವುದು

ಲೇಸರ್ ಮೆಷೀನ್ ನಡೆಸುವ ಲೈಟ್‌ಬರ್ನ್ ಸಾಫ್ಟ್‌ವೇರ್ ಬಳಸುವವರಿಗೆ ಟ್ಯಾಬ್ ಸೌಲಭ್ಯ ಅದರಲ್ಲೇ ಇದೆ. ಕಟ್ ಸೆಟ್ಟಿಂಗ್‌ನಲ್ಲಿ ಆನ್ ಮಾಡಿ, ಅಗಲ ಕೊಟ್ಟು, ಗೆರೆಯ ಮೇಲೆ ಬೇಕಾದ ಕಡೆ ಕ್ಲಿಕ್ ಮಾಡಿದರಾಯಿತು. ತಾನಾಗಿಯೇ ಇಡುವ ಆಯ್ಕೆಯೂ ಇದೆ, ಆದರೆ ಮೇಲಿನ ಜಾಗದ ಲೆಕ್ಕವೆಲ್ಲ ಅದಕ್ಕೆ ಗೊತ್ತಿಲ್ಲ. ಕೈಯಲ್ಲಿ ಇಡುವುದೇ ಮೇಲು. ಟ್ಯಾಬ್ ಜಾಗದಲ್ಲಿ ಲೇಸರನ್ನು ಪೂರ್ತಿ ಆರಿಸದೆ ಕಡಿಮೆ ಪವರ್‌ನಲ್ಲಿ ಓಡಿಸಲೂ ಬರುತ್ತದೆ. ಮೇಲ್ಮೈ ಕಟ್ ಆಗಿ, ಹಿಂಬದಿಯಲ್ಲಿ ತೆಳು ಪದರ ಉಳಿಯುತ್ತದೆ. ಮುಖದ ಕಡೆ ಗೆರೆ ಎಲ್ಲೂ ತುಂಡಾಗಿ ಕಾಣುವುದಿಲ್ಲ. ಪವರ್ ಎಷ್ಟು ಅನ್ನುವುದನ್ನು ಮಾತ್ರ ಚೂರು ಶೀಟಿನಲ್ಲಿ ಪರೀಕ್ಷಿಸಬೇಕು.

ಬೇರೆ ಸಾಫ್ಟ್‌ವೇರ್ ಇದ್ದರೆ ಗೆರೆಯನ್ನೇ ಕಡಿಯಬೇಕು. ಚಿತ್ರ ಬರೆಯುವ ಇಂಕ್‌ಸ್ಕೇಪ್‌ನಲ್ಲಿ ನೋಡ್ ಟೂಲ್ ಹಿಡಿದು, ಟ್ಯಾಬ್‌ನ ಎರಡು ತುದಿಗೂ ಒಂದೊಂದು ನೋಡ್ (ಗೆರೆಯ ಮೇಲಿನ ಬಿಂದು) ಸೇರಿಸಿ, ಎರಡನ್ನೂ ಆಯ್ಕೆ ಮಾಡಿ, ನಡುವಿನ ತುಣುಕನ್ನು ಅಳಿಸಿ. ಮೂಲ ಫೈಲಿನ ಒಂದು ನಕಲು ಮೊದಲೇ ಎತ್ತಿಟ್ಟುಕೊಳ್ಳಿ. ಅಳತೆ ಬದಲಿಸಬೇಕಾದರೆ ಕಡಿದ ಗೆರೆಗಳನ್ನು ಮತ್ತೆ ಜೋಡಿಸುವುದು ತಲೆನೋವು.

ಕಟ್ ಮಾಡುವಾಗ

ಒಳಗಿನ ತೂತು, ಕೆತ್ತನೆ ಎಲ್ಲ ಮೊದಲು, ಹೊರಗಿನ ಗೆರೆ ಕೊನೆಗೆ. ಟ್ಯಾಬ್ ಇದ್ದರೂ ಈ ಕ್ರಮ ಬಿಡಬೇಡಿ. ಹೊರಗೆರೆ ಆದ ಮೇಲೆ ತುಂಡು ಕೂದಲೆಳೆಯಷ್ಟಾದರೂ ಅಲುಗಿರುತ್ತದೆ. ಶೀಟ್ ಸಪಾಟಾಗಿ ಕೂತಿರಲಿ, ಬಾಗಿದ್ದರೆ ಅಂಚುಗಳಿಗೆ ಅಯಸ್ಕಾಂತ ಇಟ್ಟು ಒತ್ತಿ. ಬಾಗಿದ ಕಡೆ ಫೋಕಸ್ ತಪ್ಪಿ ಕಟ್ ಪೂರ್ತಿ ಆಗದಿದ್ದರೆ, ನೀವು ಕೇಳದ ಟ್ಯಾಬ್‌ಗಳೂ ಹುಟ್ಟಿಕೊಳ್ಳುತ್ತವೆ!

ನಾಲ್ಕೈದು ಮಿ.ಮೀ. ಅಗಲದ ತೀರಾ ಪುಟಾಣಿ ತುಂಡುಗಳಿಗೆ ಟ್ಯಾಬ್ ಬೇಡ ಎನ್ನುವುದು ನನ್ನ ಅಭಿಪ್ರಾಯ. ಬಿಡಿಸುವಾಗ ತುಂಡೇ ಹಾಳಾಗುತ್ತದೆ. ಶೀಟಿನ ಹಿಂಬದಿಗೆ ಕಾಗದದ ಮಾಸ್ಕಿಂಗ್ ಟೇಪ್ ಅಂಟಿಸಿ, ಟೇಪ್ ಉಳಿಯುವಷ್ಟು ಪವರ್ ಹೊಂದಿಸಿಕೊಂಡು ಕತ್ತರಿಸಿದರೆ ತುಂಡು ಅದಕ್ಕೇ ಅಂಟಿಕೊಂಡಿರುತ್ತದೆ. ಪಿವಿಸಿ ಟೇಪ್ ಮಾತ್ರ ಖಂಡಿತ ಬೇಡ. ಲೇಸರ್ ತಾಗಿದರೆ ಅದರಿಂದ ಕ್ಲೋರಿನ್ ಸೇರಿದ ವಿಷದ ಹೊಗೆ ಬರುತ್ತದೆ, ಮೆಷೀನಿನ ಲೋಹದ ಭಾಗಗಳಿಗೂ ತುಕ್ಕು. ಮೆಷೀನ್ ಓಡುವಾಗ ಅದನ್ನು ಬಿಟ್ಟು ಆಚೆ ಹೋಗುವಂತಿಲ್ಲ ಎನ್ನುವುದು ಗೊತ್ತಿರುವುದೇ, ಅಲ್ವಾ? ಟ್ರೇಯಲ್ಲಿ ಬಿದ್ದ ಹಳೆಯ ಚೂರುಗಳಿಗೂ ಬೆಂಕಿ ಹತ್ತಬಹುದು, ಆಗಾಗ ಗುಡಿಸಿ.

ಬಿಡಿಸುವುದು

ಮೇಲಕ್ಕೆ ಎಳೆಯಬೇಡಿ. ಶೀಟನ್ನು ಮಗುಚಿ ಹಾಕಿ, ಟ್ಯಾಬ್ ಮೇಲೆ ಕಟರ್ ಬ್ಲೇಡಿನ ತುದಿ ಇಟ್ಟು ನೇರ ಕೆಳಕ್ಕೆ ಒತ್ತಿ. ಪ್ಲೈವುಡ್ ಆದರೆ ಮುಖದ ಕಡೆಯಿಂದಲೂ ಮೊದಲು ಸಣ್ಣ ಗೀರು ಹಾಕಿಕೊಳ್ಳಿ, ಸಿಬಿರು ಏಳುವುದಿಲ್ಲ. ಅಕ್ರಿಲಿಕ್‌ಗೆ ಇನ್ನೂ ತಾಳ್ಮೆ ಬೇಕು. ಲಟ್ಟನೆ ಮುರಿದರೆ ಬಿರುಕು ತುಂಡಿನೊಳಗೇ ಓಡುತ್ತದೆ. ಸಣ್ಣ ಹಲ್ಲಿನ ಗರಗಸದ ಬ್ಲೇಡಿನಲ್ಲಿ ಎರಡು ಸಲ ಎಳೆದರೆ ಸಾಕು. ಉಳಿದ ಉಬ್ಬನ್ನು ಉಗುರು ಉಜ್ಜುವ ಅರದಿಂದ ಅಂಚಿನ ಗುಂಟ ಉಜ್ಜಿ, ಅಡ್ಡ ಉಜ್ಜಿದರೆ ಅಂಚು ದುಂಡಗಾಗುತ್ತದೆ.

ಬಣ್ಣ ಬಳಿಯುವ ತುಂಡುಗಳಾದರೆ ಅವಸರಪಟ್ಟು ಬಿಡಿಸಲೇಬೇಡಿ. ಶೀಟಿನಲ್ಲಿ ಇರುವಾಗಲೇ ಎಲ್ಲಕ್ಕೂ ಒಟ್ಟಿಗೆ ಸ್ಪ್ರೇ ಹೊಡೆಯಬಹುದು, ಹಿಂಬದಿಯಲ್ಲಿ ನಂಬರ್ ಬರೆದಿಡಬಹುದು. ಒಣಗಿದ ಮೇಲೆ ಬಿಡಿಸಿ, ಟ್ಯಾಬ್ ಇದ್ದ ಜಾಗಕ್ಕೆ ಮಾತ್ರ ಬ್ರಶ್ ತಾಗಿಸಿದರೆ ಆಯಿತು.