ರಿಂಗಿನ ಡಿಸ್ಕ್ ತೆಗೆದು ಟ್ಯೂಬ್‌ಲೆಸ್ ಹಾಕಿದೆ: ನಮ್ಮ ಹಳೇ ಕಾಮೆಟ್‌ನ ಏಳು ಗಾಲಿ

ಕೆಲಸ ಮುಗಿದು 14 ತಿಂಗಳಾಯಿತು. ಅಪ್ಪನ ಕಾಲದ ಅಶೋಕ್ ಲೇಲ್ಯಾಂಡ್ ಕಾಮೆಟ್ ಲಾರಿ ಇವತ್ತಿಗೂ ಶಹಾಬಾದಿನಿಂದ ಕಲಬುರಗಿಗೆ ಫರ್ಸಿ (ಹಾಸುಗಲ್ಲು) ಹೊರುತ್ತಿದೆ, ಸ್ಟೆಪ್ನಿ ಸೇರಿ ಏಳೂ ಗಾಲಿ ಟ್ಯೂಬ್‌ಲೆಸ್. ಮೊದಲು ಇದ್ದದ್ದು ರಿಂಗಿನ ಡಿಸ್ಕ್, ಅಂದರೆ ಟ್ಯೂಬಿನ ಟೈರನ್ನು ಅಂಚಿನಲ್ಲಿ ಬಿಡಿ ಉಕ್ಕಿನ ರಿಂಗು ಹಿಡಿದಿಡುವ ಗಾಲಿಚಕ್ರ. ಅಂದಾಜು 14 ಸಾವಿರ ಕಿಲೋಮೀಟರ್ ಓಡಿದೆ. ಶುರು ಮಾಡಿದಾಗ ಕಪನೂರಿನ ಗ್ಯಾರೇಜಿನವರಿಂದ ಹಿಡಿದು ನಮ್ಮ ಮನೆಯವರ ತನಕ ಯಾರೂ ಇದು ಆಗುವ ಕೆಲಸ ಅನ್ನಲಿಲ್ಲ. ಅಪ್ಪನ ಜೊತೆ ಮೂವತ್ತು ವರ್ಷ ಗಾಡಿ ಹೊಡೆದ ಕಾಕಾ ಅಂತೂ ಮುಖಕ್ಕೇ ಹೇಳಿದರು: "ತಮ್ಮಾ, ಖಣ್ಯಾಗ ಟ್ಯೂಬ್‌ಲೆಸ್ ನಡ್ಯಂಗಿಲ್ಲ. ಒಂದು ಕಲ್ಲಿನ ಚೂರು ಸೈಡಿಗೆ ಬಡೀತಂದ್ರ ಇಪ್ಪತ್ತು ಸಾವಿರ ಹೋತು ಅಂತ ತಿಳಿ." ಈಗ ಅವರೇ ಗಾಡಿ ಸುತ್ತ ಬಂದು ಗಾಲಿಗೆ ಸುತ್ತಿಗೆ ಬಡಿದು ಸದ್ದು ಕೇಳುತ್ತಾರೆ.

ನಾನು ಈ ಹಟಕ್ಕೆ ಬಿದ್ದದ್ದು ಒಂದು ಶ್ರಾವಣದ ಮಧ್ಯಾಹ್ನ. ರಿಂಗ್ ರೋಡಿನ ಪಕ್ಕದ ಪಂಚರ್ ಅಂಗಡಿಯಲ್ಲಿ ನಮ್ಮ ಹಿಂದಿನ ಗಾಲಿಗೆ ಹವಾ ಹೊಡೆಯುತ್ತಿದ್ದರು. ಒತ್ತಡ 70 ಪೌಂಡ್ ದಾಟಿತ್ತು ಅಷ್ಟೆ. ರಿಂಗು ಹಾರಿತು. ಸದ್ದು ಕೇಳಿಸಿದ್ದು ಆಮೇಲೆ ಅನ್ನಿಸಿತು, ಮೊದಲು ಕಂಡದ್ದು ಬರೀ ಧೂಳು. ಮಾಡಿನ ತಗಡು ಸೀಳಿ ಹೋದ ರಿಂಗು ಆಚೆಯ ಬೇವಿನ ಗಿಡದ ಟೊಂಗೆಗೆ ಬಳೆ ಹಾಕಿದ ಹಾಗೆ ಜೋತುಬಿದ್ದಿತ್ತು. ಅಂಗಡಿಯ ಉಸ್ತಾದರ ತಂಗಿಯ ಮಗ ಹವಾ ಪೈಪು ಹಿಡಿದು ಪಕ್ಕದಲ್ಲಿ ನಿಂತಿದ್ದ, ಎದುರಿಗೆ ಇರಲಿಲ್ಲ, ಅದಕ್ಕೇ ಉಳಿದ. ಮುಂಗೈ ಎರಡು ಕಡೆ ಮುರಿಯಿತು. ಆ ಕೈ ಇವತ್ತಿಗೂ ಪೂರಾ ತಿರುಗುವುದಿಲ್ಲ. ಸಂಜೆ ಉಸ್ತಾದರು ನನ್ನ ಎದುರು ಕೂತು, "ಅಣ್ಣಾರ, ರಿಂಗ್ ಕೂತಂಗ ಕಾಣಸ್ತಿತ್ರಿ. ನಾ ಬಡದು ನೋಡೀನಿ" ಅಂದರು. ಅವರದು ಸುಳ್ಳಲ್ಲ. ಮರುದಿನ ಆ ರಿಂಗನ್ನು ಗಿಡದಿಂದ ಇಳಿಸಿ ಬಿಸಿಲಲ್ಲಿ ಹಿಡಿದು ನೋಡಿದೆ. ಮೇಲೆ ಬಣ್ಣ ಚಂದ ಇತ್ತು. ಡಿಸ್ಕಿನ ಸಂದಿನಲ್ಲಿ ಕೂಡುವ ಒಳ ಅಂಚನ್ನು ಉಗುರಿನಿಂದ ಎಬ್ಬಿಸಿದರೆ ತುಕ್ಕು ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರವಾಗಿ ಬಂತು. ಹೊರಗಿನಿಂದ ಅದು ಕಾಣುವ ಜಾಗವೇ ಅಲ್ಲ. ಆ ಹುಡುಗನ ಆಸ್ಪತ್ರೆ ಖರ್ಚು ನಾನೇ ಕೊಟ್ಟೆ. ಅವತ್ತೇ ಈ ಏಳೂ ಡಿಸ್ಕ್ ನಮ್ಮ ಅಂಗಳದಲ್ಲಿ ಇರಕೂಡದು ಅಂತ ನಿರ್ಧಾರ ಮಾಡಿದೆ.

ಸೈಜಿನ ವಿಷಯದಲ್ಲಿ ಮೊದಲು ಸಿಕ್ಕ ಸಲಹೆಯೇ ತಪ್ಪು. ನಮ್ಮದು 9.00-20, ಅಂದರೆ ಟೈರಿನ ಅಗಲ 9 ಇಂಚು, ರಿಮ್ಮು 20 ಇಂಚು. ಅಂಗಡಿಯವರೆಲ್ಲ 295/80ಆರ್22.5 ಹಾಕಿ ಅಂದರು, ಯಾಕೆಂದರೆ ಅವರ ಹತ್ತಿರ ಇರುವುದೇ ಅದು. ಅದು 10.00-20ರ ಬದಲಿಗೆ ಕೂಡುವ ಸೈಜು. 9.00-20ಕ್ಕೆ ಎತ್ತರದಲ್ಲಿ ಸರಿ ಕೂಡುವುದು 10ಆರ್22.5, ಎರಡೂ 1020 ಮಿಲಿಮೀಟರ್ ಆಸುಪಾಸು. ಎತ್ತರ ಅದೇ ಇದ್ದರೆ ಗೇರಿನ ಲೆಕ್ಕ, ಮೀಟರಿನ ಲೆಕ್ಕ, ಮಡ್‌ಗಾರ್ಡ್ ಯಾವುದನ್ನೂ ಮುಟ್ಟಬೇಕಿಲ್ಲ. 295 ಹಾಕಿದ್ದರೆ ಹಿಂದಿನ ಜೋಡಿ ಗಾಲಿಗಳ ನಡುವಿನ ಸಂದು ಮುಚ್ಚಿಹೋಗಿ, ಲೋಡಿನಲ್ಲಿ ಸೈಡಿಗೆ ಸೈಡು ಉಜ್ಜಿ ಎರಡೂ ಟೈರು ಸುಡುತ್ತಿದ್ದವು. 10ಆರ್ ಹುಡುಕಲು ಮೂರು ವಾರ ಹಿಡಿಯಿತು. ಆ ಮೂರು ವಾರ ಗಾಡಿ ನಿಂತೇ ಇತ್ತು, ಬಾಡಿಗೆ ಕೈತಪ್ಪಿತು, ಆದರೂ ಅದೇ ಸರಿಯಾಯಿತು.

ಡಿಸ್ಕಿನಲ್ಲಿ ನಾನು ದುಡ್ಡು ಕಳೆದೆ. ಒಬ್ಬ ವೆಲ್ಡರ್ ಹಳೇ ಡಿಸ್ಕಿನ ನಡುಭಾಗ ಕತ್ತರಿಸಿ 22.5ರ ರಿಮ್ಮಿಗೆ ಬೆಸೆದು ಕೊಡುತ್ತೇನೆ, ನಿಮ್ಮ ಸ್ಟಡ್ಡು (ಗಾಲಿ ಬಿಗಿಯುವ ಬೋಲ್ಟು) ನಿಮಗೇ ಇರುತ್ತದೆ ಅಂದ. ಆಸೆ ಹುಟ್ಟಿತು. ಒಂದು ಮಾಡಿಸಿದೆ, 5,500 ಆಯಿತು. ಗಾಡಿಯ ಹಬ್ಬಿಗೆ, ಅಂದರೆ ಗಾಲಿ ಕೂಡುವ ನಡುಗುಂಬಕ್ಕೆ, ಹಾಕಿ ಅಲ್ಲಾಟ ಅಳೆಯುವ ಡಯಲ್ ಗೇಜ್ ಇಟ್ಟು ತಿರುಗಿಸಿದರೆ 6 ಮಿಲಿಮೀಟರ್ ಅಲ್ಲಾಟ. ಅದಕ್ಕಿಂತ ಕೆಟ್ಟದ್ದು, ನೀರಿನ ತೊಟ್ಟಿಯಲ್ಲಿ ಮುಳುಗಿಸಿದಾಗ ವೆಲ್ಡಿಂಗಿನ ಗುಂಟ ಸಾಲಾಗಿ ಗುಳ್ಳೆ. ಹತ್ತು ಟನ್ ಕಲ್ಲಿನ ಕೆಳಗೆ ಆ ಬೆಸುಗೆ ಬಿಟ್ಟರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ಅವತ್ತೇ ಗ್ಯಾಸ್ ಕಟರ್ ಹಿಡಿದು ಎರಡು ಹೋಳು ಮಾಡಿದೆ.

ಎರಡನೇ ತಪ್ಪು ಇನ್ನೂ ಸೂಕ್ಷ್ಮ. ಸ್ಟಡ್ಡಿನ ಲೆಕ್ಕ, ಪಿಸಿಡಿ (ಸ್ಟಡ್ಡುಗಳು ನಿಂತ ವೃತ್ತದ ಅಳತೆ) ಎರಡೂ ಸರಿ ಹೊಂದುವ ಎರಡು ಡಿಸ್ಕ್ ಸಿಕ್ಕವು, 12 ಸಾವಿರ ಕೊಟ್ಟು ತಂದೆ. ಮುಂದಿನ ಗಾಲಿಗೆ ಹಾಕಿ ಶಹಾಬಾದ್ ರಸ್ತೆಗೆ ಖಾಲಿ ಗಾಡಿ ಬಿಟ್ಟೆ. ಇಪ್ಪತ್ತು ಕಿಲೋಮೀಟರ್ ಆಗುವಷ್ಟರಲ್ಲಿ ಸ್ಟೇರಿಂಗಿನಲ್ಲಿ ಟಕ್ ಟಕ್. ಇಳಿದು ನೋಡಿದರೆ ನಟ್ಟುಗಳ ಬುಡದಿಂದ ಕೆಂಪು ಪುಡಿ ಗೆರೆ ಗೆರೆಯಾಗಿ ಇಳಿದಿತ್ತು. ನಮ್ಮಂಥ ಹಳೇ ಗಾಡಿಯ ಡಿಸ್ಕು ನಟ್ಟಿನ ಕೋನಿನ ಮೇಲೆ ನಡು ಹಿಡಿದು ಕೂಡುತ್ತದೆ. ಈಗಿನ ಡಿಸ್ಕು ಹಬ್ಬಿನ ಮೇಲೆ ಕೂಡುತ್ತದೆ, ನಟ್ಟು ಚಪ್ಪಟೆಯಾಗಿ ಒತ್ತುತ್ತದೆ. ಚಪ್ಪಟೆ ತೂತಿಗೆ ಕೋನ್ ನಟ್ಟು ಬಿಗಿದರೆ ಅಂಚಿನ ಒಂದು ಗೆರೆ ಮೇಲೆ ಮಾತ್ರ ನಿಲ್ಲುತ್ತದೆ, ಸಡಿಲಾಗಿ ತೂತು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಆ ಎರಡನ್ನು 8 ಸಾವಿರಕ್ಕೆ ವಾಪಸ್ ಕೊಟ್ಟೆ. ಕೋನು ಕೂಡುವ ತೂತಿನ ಡಿಸ್ಕ್ ಕೊನೆಗೆ ಹೈದರಾಬಾದಿನಲ್ಲಿ ಸಿಕ್ಕವು. ಯಾವ ಗಾಡಿಯದು, ಯಾವ ಓಣಿಯಲ್ಲಿ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಮೂರು ಸಲ ರೈಲು ಹತ್ತಿ ಹುಡುಕಿದ್ದು, ಇನ್ನೂ ಎರಡು ಗಾಡಿಯ ಕೆಲಸ ನನ್ನ ಕೈಯಲ್ಲಿದೆ.

ನಡುವೆ ಒಂದು ಅಡ್ಡ ಪ್ರಯೋಗವನ್ನೂ ಮಾಡಿದೆ. ಲೋಡರ್, ಡಂಪರ್ ಕಡೆಯ ದೊಡ್ಡ ಗಾಲಿಗಳಲ್ಲಿ ರಿಂಗಿದ್ದರೂ ಒಳಗೆ ರಬ್ಬರಿನ ಓ-ರಿಂಗ್ ಹಾಕಿ ಟ್ಯೂಬ್ ಇಲ್ಲದೆ ಓಡಿಸುವುದುಂಟು. ನಮ್ಮ 20 ಇಂಚಿಗೂ ಆದೀತೇನೋ ಅಂತ ಸಂದಿಗೆ ಸಿಲಿಕಾನ್ ತುಂಬಿ ನೋಡಿದೆ. ಗಾಲಿ ಸಿಡಿದರೂ ತಡೆಯುವ ಕಬ್ಬಿಣದ ಪಂಜರದೊಳಗೆ ಇಟ್ಟೇ 60 ಪೌಂಡ್ ತುಂಬಿಸಿದ್ದೆ, ಬೆಳಗಾಗುವಷ್ಟರಲ್ಲಿ 20ಕ್ಕೆ ಇಳಿದಿತ್ತು. ನಮ್ಮ ಡಿಸ್ಕಿನಲ್ಲಿ ಓ-ರಿಂಗಿಗೆ ಜಾಗವನ್ನೇ ಕೊರೆದಿಲ್ಲ, ಹಾಗಿರುವಾಗ ಸಿಲಿಕಾನ್ ಏನು ತಡೆದೀತು. ರಸ್ತೆಗೆ ಒಯ್ಯುವ ಮಾತೇ ಬರಲಿಲ್ಲ.

ಹಿಂದಿನ ಜೋಡಿಯ ಒಳಗಾಲಿಗೆ ಹವಾ ತುಂಬುವ ವಾಲ್ ನನ್ನನ್ನು ಬಹಳ ಕಾಡಿತು. ಟ್ಯೂಬಿನ ವಾಲ್ ಬಗ್ಗಿಸಿಕೊಂಡು ಹೊರಗೆ ಬರುತ್ತಿತ್ತು. ಟ್ಯೂಬ್‌ಲೆಸ್ ವಾಲ್ ರಿಮ್ಮಿಗೇ ಬಿಗಿದಿರುತ್ತದೆ, ಹೊರಡಿಸುವ ಕೋನ ಸ್ವಲ್ಪ ತಪ್ಪಿದರೂ ಬ್ರೇಕ್ ಡ್ರಮ್ಮಿಗೆ ಹತ್ತಿರವಾಗುತ್ತದೆ. ಮೊದಲನೇ ವಾರದಲ್ಲೇ ಒಂದರ ಬುಡದ ರಬ್ಬರು ಬ್ರೇಕಿನ ಬಿಸಿಗೆ ಬೆಂದು ಹವಾ ಇಳಿಯಿತು. ಹೊರಗಿನ ಡಿಸ್ಕಿನ ಕಿಟಕಿಯನ್ನು ಒಳಗಿನದರ ಕಿಟಕಿಗೆ ಸರಿ ಹೊಂದಿಸಿ, ಉದ್ದ ಬಗ್ಗಿದ ವಾಲ್ ಹಾಕಿ, ಡ್ರಮ್ಮಿನಿಂದ ಬೆರಳು ದಪ್ಪ ಸಂದು ಬಿಟ್ಟ ಮೇಲೆ ಸರಿಯಾಯಿತು.

ಟೈರು ರಿಮ್ಮಿನ ಮೇಲೆ ಕೂಡಿಸುವುದು ಇನ್ನೊಂದು ಗೋಳು. ಪೆಟ್ರೋಲ್ ಚಿಮುಕಿಸಿ ಬೆಂಕಿ ಕಡ್ಡಿ ಗೀರುವ ಉಪಾಯ ಎಲ್ಲರಿಗೂ ಗೊತ್ತು. ನನ್ನ ಅಂಗಳದಲ್ಲಿ ಅದಕ್ಕೆ ಅನುಮತಿ ಇಲ್ಲ, ರಿಂಗಿನಿಂದ ಉಳಿದವರನ್ನು ಬೆಂಕಿಗೆ ಕೊಡಲು ನಾನು ತಯಾರಿಲ್ಲ. ಗಾಡಿಯ ಹಳೇ ಬ್ರೇಕ್ ಹವಾ ಟ್ಯಾಂಕಿಗೆ ದೊಡ್ಡ ಬಾಲ್ ವಾಲ್ವ್ ಹಾಕಿ, ಒಮ್ಮೆಲೇ ಹವಾ ಬಿಡುವ ಬಾಯಿ ಮಾಡಿಸಿದೆ. 2,200 ಖರ್ಚು. ಬಾಯಿಯ ಆಕಾರ ಮೂರು ಸಲ ಬದಲಿಸಿದೆ, ಮೂರನೆಯದೇ ಕೆಲಸ ಮಾಡಿದ್ದು. ಅದನ್ನು ನೋಡಬೇಕೆನ್ನುವವರು ಬಂದು ಚಹಾ ಕುಡಿದು ನೋಡಿ ಹೋಗಲಿ. ಜಾರಿಕೆಗೆ ಡೀಸೆಲ್, ಗ್ರೀಸ್ ಹಚ್ಚಬಾರದು, ರಬ್ಬರ್ ಊದುತ್ತದೆ. ಬಟ್ಟೆ ಸೋಪಿನ ಪುಡಿ ರಿಮ್ಮಿಗೆ ತುಕ್ಕು ಹಿಡಿಸುತ್ತದೆ. ನಾನು ಅಂಟುವಾಳಕಾಯಿ ನೆನೆಸಿ ಕಿವುಚಿ ನೊರೆ ಹಚ್ಚಿ ನೋಡಿದೆ. ಅವ್ವ ಸೀರೆ ತೊಳೆಯಲು ಇಟ್ಟಿದ್ದು. ಗಾಲಿ ಬೆಣ್ಣೆಯ ಹಾಗೆ ಕೂತಿತು. ಆರು ತಿಂಗಳ ನಂತರ ಒಂದು ಗಾಲಿ ಬಿಚ್ಚಿದಾಗ ರಿಮ್ಮಿನ ಒಳಗೆ ತುಕ್ಕಿನ ಚುಕ್ಕೆಯೂ ಇರಲಿಲ್ಲ.

ಪಂಜರದ ಮಾತು ಬಂತಲ್ಲ. ಎರಡು ಇಂಚಿನ ಪೈಪಿನಿಂದ ಮಾಡಿಸಿದ್ದು, 9 ಸಾವಿರ ಬಿತ್ತು. ಟ್ಯೂಬ್‌ಲೆಸ್‌ಗೆ ಪಂಜರ ಯಾಕೆ ಅಂತ ಕೇಳಿದವರಿದ್ದಾರೆ. ಹವಾ ಕಡಿಮೆ ಇದ್ದಾಗ ಓಡಿದ ರೇಡಿಯಲ್ ಟೈರಿನ ಸೈಡಿನಲ್ಲಿ ಉಕ್ಕಿನ ತಂತಿ ಒಳಗೊಳಗೇ ತುಂಡಾಗಿರುತ್ತದೆ, ಮತ್ತೆ ಹವಾ ತುಂಬುವಾಗ ಹರಿದು ಬಾಯಿ ಬಿಡುತ್ತದೆ. ರಿಂಗಿಲ್ಲ ಅಂದ ಮಾತ್ರಕ್ಕೆ 110 ಪೌಂಡ್ ಹವಾ ಮೆತ್ತಗಾಗುವುದಿಲ್ಲ. ಹವಾ ತುಂಬಲು ಉದ್ದ ಪೈಪು, ವಾಲಿಗೆ ಕಚ್ಚುವ ಕ್ಲಿಪ್ಪು ಬೇಕು, ಟೈರಿನ ಸೈಡುಗೋಡೆಯ ಎದುರಿಗೆ ಯಾರೂ ನಿಲ್ಲಬಾರದು. ಇನ್ನೂ ರಿಂಗಿನ ಗಾಲಿ ಓಡಿಸುವವರು ಜಾಕ್ ಹಚ್ಚಿದ ಮೇಲೆ ನಟ್ಟಿಗೆ ಕೈ ಹಾಕುವ ಮೊದಲು ವಾಲಿನ ಪಿನ್ನು ತೆಗೆದು ಹವಾ ಪೂರಾ ಇಳಿಸಲಿ. ಜೋಡಿ ಗಾಲಿಯಾದರೆ ಎರಡರದ್ದೂ.

ಖರ್ಚು ನೆನಪಿನಿಂದ ಬರೆಯುತ್ತೇನೆ. ಏಳು ಡಿಸ್ಕಿಗೆ 47-48 ಸಾವಿರ. ಎದುರಿನ ಎರಡು ಟೈರು ಹೊಸವು, 39 ಸಾವಿರ. ಹಿಂದಿನ ನಾಲ್ಕು ಮತ್ತು ಸ್ಟೆಪ್ನಿ ಸೋಲಾಪುರದಿಂದ ಸೆಕೆಂಡ್ ಹ್ಯಾಂಡ್, ಒಂದಕ್ಕೆ 7 ಸಾವಿರ. ಸೈಡಿನ ಮೇಲಿನ ಕೊನೆಯ 4 ಅಂಕಿ, ಅಂದರೆ ತಯಾರಾದ ವಾರ ಮತ್ತು ವರ್ಷ, ಓದದೆ ಒಂದನ್ನೂ ಎತ್ತಲಿಲ್ಲ. ವಾಲ್ ಇತ್ಯಾದಿ ಮೂರೂವರೆ ಸಾವಿರ. ಪಂಜರ, ಟ್ಯಾಂಕು, ಹಾಳಾದ ದುಡ್ಡು ಎಲ್ಲಾ ಸೇರಿ ಒಂದು ಲಕ್ಷ 46 ಸಾವಿರದ ಹತ್ತಿರ ಹೋಯಿತು.

ಹಳೇ ಡಿಸ್ಕುಗಳಿಗೆ ಒಬ್ಬ ವ್ಯಾಪಾರಿ ಜೋಡಿಗೆ 4 ಸಾವಿರದ ಲೆಕ್ಕದಲ್ಲಿ ಬೇಡಿದ. ಬಣ್ಣ ಬಳಿದು ಇನ್ನೊಬ್ಬರಿಗೆ ಮಾರುತ್ತಿದ್ದ. ಟೈರು ಬಿಚ್ಚಿ ಬೇರೆ ಇಟ್ಟು, ಏಳೂ ಡಿಸ್ಕು, ಏಳೂ ರಿಂಗು ಕತ್ತರಿಸಿ ಗುಜರಿಗೆ ಹಾಕಿದೆ. 9 ಸಾವಿರ ಬಂತು. 5 ಸಾವಿರ ಕಡಿಮೆ ಬಂತು ಅಂತ ಮನೆಯಲ್ಲಿ ಮಾತು ಬಂತು. ನಾನು ಆ ಹುಡುಗನ ಕೈ ನೆನಪು ಮಾಡಿಸಿದೆ, ಮಾತು ಅಲ್ಲಿಗೇ ನಿಂತಿತು.

ಕಾಕಾ ಹೇಳಿದ್ದು ಒಂದು ಸಲ ನಿಜವಾಯಿತು. ಖಣಿಯ ಇಳಿಜಾರಿನಲ್ಲಿ ನಿಂತ ಫರ್ಸಿಯ ಅಂಚು ಬಲಹಿಂದಿನ ಹೊರಗಾಲಿಯ ಸೈಡು ಗೇಣುದ್ದ ಕೊಯ್ದಿತು, 7 ಸಾವಿರದ ಟೈರು ಹೋಯಿತು. ಟ್ಯೂಬಿನ ಟೈರಾಗಿದ್ದರೂ ಅದು ಉಳಿಯುತ್ತಿರಲಿಲ್ಲ. ಮೊದಲು ತಿಂಗಳಿಗೆ ಎರಡು ಮೂರು ಪಂಚರ್, ಪ್ರತಿ ಸಲ ಅರ್ಧ ದಿನ. ಈ 14 ತಿಂಗಳಲ್ಲಿ ಐದು. ಮೂರಕ್ಕೆ ಗಾಲಿ ಬಿಚ್ಚದೆ ಬತ್ತಿ ತುರುಕಿ ಮನೆಗೆ ತಂದು, ಆಮೇಲೆ ಒಳಗಿನಿಂದ ಪ್ಯಾಚ್ ಹಾಕಿದೆವು. ತೊಗರಿ ಗಂಜಿನ ಕಾಟಾದ ಮೇಲೆ ಒಂದೊಂದು ಗಾಲಿ ತೂಗಿದಾಗ ಹಳೆಯದು 100 ಕಿಲೋ ದಾಟಿತ್ತು, ಹೊಸದು 88ರ ಆಸುಪಾಸು. ಬಿಸಿಯನ್ನೂ ಅಳೆದೆ. ಹಿಂದಿನ ವರ್ಷ ಮೇ ತಿಂಗಳ 42 ಡಿಗ್ರಿ ಬಿಸಿಲಲ್ಲಿ, ಅದೇ ಲೋಡು, ಅದೇ ರಸ್ತೆ, ಹಳೇ ಟೈರಿನ ಸೈಡು 80ರ ಹತ್ತಿರ ತೋರಿಸಿತ್ತು. ಈ ಮೇ ತಿಂಗಳಲ್ಲಿ 65-66. ಸ್ಟೇರಿಂಗ್ ಮಾತ್ರ ನಿಂತಲ್ಲೇ ತಿರುಗಿಸಿದರೆ ಭಾರ, ನಮ್ಮದಕ್ಕೆ ಪವರ್ ಇಲ್ಲ. ಗಾಡಿ ಒಂದು ಹೆಜ್ಜೆ ಉರುಳಿದ ಮೇಲೆ ತಿರುಗಿಸುವ ರೂಢಿ ಮಾಡಿಕೊಂಡೆ.

ನಟ್ಟುಗಳನ್ನು ಹಾಕಿದ ಮೇಲೆ 50 ಕಿಲೋಮೀಟರಿಗೆ ಒಮ್ಮೆ, 200ಕ್ಕೆ ಇನ್ನೊಮ್ಮೆ ಬಿಗಿದೆ. ಆಮೇಲೆ ಪ್ರತಿ ಸೋಮವಾರ ಬೆಳಗ್ಗೆ ನಟ್ಟಿಗೂ ಡಿಸ್ಕಿಗೂ ಎಳೆದ ಹಳದಿ ಗೆರೆ ಸರಿದಿದೆಯೇ ಅಂತ ನೋಡುತ್ತೇನೆ.

ಉಸ್ತಾದರು ಹೋದ ತಿಂಗಳು ನನ್ನ ಪಂಜರದ ಅಳತೆ ತೆಗೆದುಕೊಂಡು ಹೋದರು. ಆ ಹುಡುಗ ಈಗ ಅಂಗಡಿಯಲ್ಲಿ ಗೇಜು ನೋಡುವ ಕೆಲಸ ಮಾಡುತ್ತಾನೆ. ಪಕ್ಕದ ಮನೆಯವರ ಟಾಟಾ 407 ಗಾಡಿ ನಮ್ಮ ಅಂಗಳಕ್ಕೆ ಬಂದು ನಿಂತಿದೆ, 16 ಇಂಚಿನ ರಿಂಗಿನದು. ಅದಕ್ಕೆ 17.5 ಹಾಕಬೇಕು. ಎರಡು ಡಿಸ್ಕ್ ಬಂದಿವೆ, ಉಳಿದವು ದೀಪಾವಳಿಯೊಳಗೆ ಕಳಿಸುತ್ತೇವೆ ಅಂದಿದ್ದಾರೆ.