ಚೈನಿಗೆ ಡ್ರಿಪ್ ಹಾಕಿದ್ದು: ನನ್ನ ಅನುಭವ

ಈಗ ನನ್ನ ಬೈಕಿನಲ್ಲಿರುವ ಚೈನ್ 28 ಸಾವಿರ ಕಿಲೋಮೀಟರ್ ದಾಟಿದೆ. ಅದರಲ್ಲಿ ಎರಡು ಮಳೆಗಾಲಗಳೂ ಸೇರಿವೆ. ಬಯಲುಸೀಮೆಯಲ್ಲಿ ಓಡಿಸುವವರಿಗೆ ಇದರಲ್ಲೇನು ಹೆಚ್ಚುಗಾರಿಕೆ ಎನಿಸಬಹುದು. ಔಷಧಿಗಳ ಚೀಲ ಕಟ್ಟಿಕೊಂಡು ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ, ಹೊಸನಗರ, ಮಾಸ್ತಿಕಟ್ಟೆ ಎಂದು ವರ್ಷಪೂರ್ತಿ ಸುತ್ತುವ ಮೆಡಿಕಲ್ ರೆಪ್ ನಾನು. ನನ್ನ 150 ಸಿಸಿ ಬೈಕಿನಲ್ಲಿ ಇದಕ್ಕೆ ಮೊದಲಿನ ಯಾವ ಚೈನ್ ಕಿಟ್ಟೂ (ಚೈನು, ಅದು ಕೂರುವ ಮುಂದಿನ ಹಿಂದಿನ ಹಲ್ಲುಚಕ್ರಗಳಾದ ಸ್ಪ್ರಾಕೆಟ್ಟುಗಳು ಸೇರಿದ ಸೆಟ್) 12 ಸಾವಿರದ ಗಡಿ ದಾಟಿರಲಿಲ್ಲ. ಒಂದಂತೂ 9 ಸಾವಿರದ ಆಸುಪಾಸಿನಲ್ಲೇ ಕಟಕಟ ಎನ್ನಲು ಶುರುಮಾಡಿತ್ತು. ಸಾಧಾರಣ 428 ಅಳತೆಯ ಚೈನು, ಒಳಗಿನ ಗ್ರೀಸ್ ಕಾಪಾಡುವ ರಬ್ಬರ್ ರಿಂಗ್ ಇಲ್ಲದ್ದು, ಪೂರ್ತಿ ಮುಚ್ಚಿದ ಕೇಸ್ ಕೂಡ ಇಲ್ಲ. ಆಗುಂಬೆ ಕಡೆಯ ಜುಲೈ ತಿಂಗಳನ್ನು ನೋಡಿದವರಿಗೆ ಉಳಿದದ್ದನ್ನು ಹೇಳಬೇಕಾಗಿಲ್ಲ.

ಸಲೈನ್ ಸೆಟ್ಟಿನಿಂದ ಚೈನಿಗೆ ಹನಿಹನಿಯಾಗಿ ಎಣ್ಣೆ ಬಿಡುತ್ತೇನೆ ಎಂದಾಗ ನನ್ನ ಮೆಕ್ಯಾನಿಕ್ ಪಾನಾ ಕೆಳಗಿಟ್ಟು ನಕ್ಕ. "ಸಾರ್, ಇದೇನು ಆಸ್ಪತ್ರೆಯ ರೋಗಿಯೇ, ಡ್ರಿಪ್ ಹಾಕಿದರೆ ಏಳುವುದಕ್ಕೆ? ಎಣ್ಣೆ ಟೈರಿಗೆ ಹೋಗಿ ಮೊದಲ ತಿರುವಿನಲ್ಲೇ ನೀವು ಮಲಗುತ್ತೀರಿ." ಜೊತೆಯ ರೆಪ್‌ಗಳದ್ದೂ ಅದೇ ರಾಗ. ಟೈರಿನ ವಿಷಯದಲ್ಲಿ ಅವನು ಹೇಳಿದ್ದು ಸುಳ್ಳಲ್ಲ, ಅದಕ್ಕೆ ಆಮೇಲೆ ಬರುತ್ತೇನೆ.

ಇಷ್ಟಕ್ಕೆಲ್ಲ ಕೈಹಾಕಿಸಿದ್ದು ಹುಲಿಕಲ್ ಘಾಟಿ. ಹೊಸಂಗಡಿ ಕಡೆಯಿಂದ ಹತ್ತುವಾಗ ಎರಡನೇ ಗೇರಿನಲ್ಲಿ ಚೈನು ತುಂಡಾಯಿತು. ಚೈನಿನ ಎರಡು ತುದಿ ಕೂಡಿಸುವ ಲಾಕಿನ ಕ್ಲಿಪ್ ಹಾರಿದ್ದಲ್ಲ, ಅದರ ಪಿನ್ನೇ ಅರ್ಧಕ್ಕೆ ಮುರಿದಿತ್ತು. ತುಂಡಾದ ಚೈನು ಹಿಂದಕ್ಕೆ ಜಾರಿ ರಸ್ತೆಗೆ ಬಿದ್ದರೆ ನಿಮ್ಮ ಪುಣ್ಯ. ನನ್ನದು ಮುಂದಿನ ಸ್ಪ್ರಾಕೆಟ್ ಸುತ್ತ ಮುದ್ದೆಯಾಗಿ ಸೇರಿಕೊಂಡು, ಅದರ ಹಿಂದಿನ ಕ್ರ್ಯಾಂಕ್ ಕೇಸನ್ನು, ಅಂದರೆ ಎಂಜಿನ್ನಿನ ಲೋಹದ ಕವಚವನ್ನು, ಒಡೆಯಿತು. ಎಂಜಿನ್ ಆಯಿಲ್ ಮಳೆನೀರಿನ ಜೊತೆ ಹರಿದುಹೋಯಿತು. ಏರಿನಲ್ಲಿ ನಿಧಾನವಿದ್ದುದರಿಂದ ಬೈಕು ಸುಮ್ಮನೆ ನಿಂತಿತು. ಇದೇ ಇಳಿಜಾರಿನಲ್ಲಿ ವೇಗದಲ್ಲಿದ್ದು, ಚೈನು ಹಿಂದಿನ ಚಕ್ರಕ್ಕೆ ಸಿಕ್ಕಿಕೊಂಡಿದ್ದರೆ ಚಕ್ರ ಬಿಗಿದು ನಿಲ್ಲುತ್ತಿತ್ತು. ಆ ಘಾಟಿಯಲ್ಲಿ ಪಕ್ಕಕ್ಕೆ ಏನಿದೆ ಎಂದು ಓಡಿಸಿದವರಿಗೆ ಗೊತ್ತು.

ಪಿಕಪ್‌ನಲ್ಲಿ ಶಿವಮೊಗ್ಗಕ್ಕೆ ತರಲು ಸುಮಾರು 3,000. ಎಂಜಿನ್ ಇಳಿಸಿ, ಬಿಚ್ಚಿ, ಕೇಸಿಗೆ ಆರ್ಗಾನ್ ವೆಲ್ಡಿಂಗ್ ಮಾಡಿಸಿ, ಹೊಸ ಗ್ಯಾಸ್ಕೆಟ್, ಸೀಲ್, ಆಯಿಲ್ ಎಲ್ಲ ಸೇರಿ ಮತ್ತೆ ಆರೇಳು ಸಾವಿರ. 1,500 ರೂಪಾಯಿಯ ಚೈನ್ ಕಿಟ್ ಹತ್ತು ಸಾವಿರ ತಿಂದಿತು. ಒಂದು ವಾರದ ಟೂರ್ ಪ್ಲಾನ್ ಹಾಳಾದದ್ದು, ಏರಿಯಾ ಮ್ಯಾನೇಜರ್ ಫೋನಿನಲ್ಲಿ ಮಾಡಿದ ಮಂಗಳಾರತಿ ಬೇರೆ.

ಮುರಿದ ಪಿನ್ನನ್ನು ಒರೆಸಿ ನೋಡಿದೆ. ಹೊರಗೆಲ್ಲ ಎಣ್ಣೆ ಮೆತ್ತಿ ಕಪ್ಪಗಿತ್ತು, ಪಿನ್ನನ್ನು ಸುತ್ತುವರಿಯುವ ಪುಟ್ಟ ಕೊಳವೆಯಾದ ಬುಷ್ಷಿನ ಒಳಗೆ ಕುಳಿತಿದ್ದ ಭಾಗ ಮಾತ್ರ ಒಣಗಿ, ಕೆಂಪು ತುಕ್ಕು ಹಿಡಿದು, ಸವೆದು ಸಣ್ಣಗಾಗಿತ್ತು. ಸಮಸ್ಯೆ ಎಣ್ಣೆಯ ಪ್ರಮಾಣದ್ದಲ್ಲ ಎಂದು ತಲೆಗೆ ಹೋದದ್ದು ಆಗ. ಭಾನುವಾರ ಎಷ್ಟೇ ಸುರಿದರೂ ಸೋಮವಾರದ ನೂರು ಕಿಲೋಮೀಟರ್ ಮಳೆ ಅದನ್ನು ತೊಳೆದುಬಿಡುತ್ತದೆ, ಉಳಿದ ವಾರವಿಡೀ ಚೈನು ನೀರಿನಲ್ಲೇ ಓಡುತ್ತದೆ. ಬೇಕಾದದ್ದು ಸ್ವಲ್ಪವೇ ಎಣ್ಣೆ, ಆದರೆ ಓಡುತ್ತಿರುವಷ್ಟು ಹೊತ್ತೂ.

ಇಲ್ಲಿಗೆ ನೇರವಾಗಿ ಬಂದೆ ಎಂದುಕೊಳ್ಳಬೇಡಿ. ಅದಕ್ಕೆ ಮೊದಲು ಮಾಡಿ ನೋಡದ ಪ್ರಯೋಗವಿಲ್ಲ. ಗ್ರೀಸ್ ಬಳಿದರೆ ಕೆಮ್ಮಣ್ಣು, ಮರಳು ಎಲ್ಲ ಅಂಟಿಕೊಂಡು ಸ್ಪ್ರಾಕೆಟ್ಟನ್ನೇ ಅರೆಯುತ್ತದೆ. ಸುಟ್ಟ ಎಂಜಿನ್ ಆಯಿಲ್ ಬಿಟ್ಟಿ ಸಿಗುತ್ತದೆ ಎಂಬುದೊಂದೇ ಅದರ ಗುಣ, ಪ್ಯಾಂಟಿನ ಎಡಗಾಲಿಗೆ ಹಾರಿದ್ದು ಎಷ್ಟು ಒಗೆದರೂ ಹೋಗುವುದಿಲ್ಲ. ಡಾಕ್ಟರ ಎದುರು ಆ ಪ್ಯಾಂಟಿನಲ್ಲಿ ನಿಲ್ಲುವ ಹಾಗಿಲ್ಲ. ಸ್ಪ್ರೇ ಡಬ್ಬಿ ಬೇಸಿಗೆಯಲ್ಲಿ ಪರವಾಗಿಲ್ಲ, ಮಳೆಗಾಲದಲ್ಲಿ ತಿಂಗಳಿಗೊಂದು ಸಣ್ಣ ಡಬ್ಬಿ ಖಾಲಿಯಾಗಿ ವರ್ಷಕ್ಕೆ ಸುಮಾರು 2,000 ರೂಪಾಯಿ ಗಾಳಿಗೆ ಹೋಗುತ್ತಿತ್ತು. ಹರಳೆಣ್ಣೆಯನ್ನೂ ಬಿಡಲಿಲ್ಲ. ಮೊದಲ ಎರಡು ದಿನ ಚೈನು ಎಷ್ಟು ಮೌನವಾಗಿತ್ತೆಂದರೆ ಪೇಟೆಂಟ್ ಮಾಡಿಸಬೇಕೆನಿಸಿತ್ತು, ಹತ್ತನೇ ದಿನಕ್ಕೆ ಅಂಟುಗಟ್ಟಿ ಕೊಂಡಿಗಳು ಮಡಚುವುದೇ ಕಷ್ಟವಾಯಿತು.

ಮೇಣದ ಪ್ರಯೋಗಕ್ಕೆ ಮಾತ್ರ ಒಂದಿಷ್ಟು ಗೌರವ ಕೊಡಬೇಕು. ಸೈಕಲ್ ರೇಸಿನವರು ಮಾಡುವಂತೆ ಚೈನನ್ನು ಡೀಸೆಲ್‌ನಲ್ಲಿ ತೊಳೆದು, ಒಣಗಿಸಿ, ಕರಗಿದ ಪ್ಯಾರಾಫಿನ್ ಮೇಣದಲ್ಲಿ ಮುಳುಗಿಸಿಟ್ಟೆ. ಇದು ರಬ್ಬರ್ ರಿಂಗ್ ಇಲ್ಲದ ಚೈನಿಗೆ ಮಾತ್ರ, ರಿಂಗ್ ಇದ್ದರೆ ಆ ಬಿಸಿಗೆ ರಿಂಗೂ ಒಳಗಿನ ಗ್ರೀಸೂ ಹಾಳು. ಫೆಬ್ರವರಿ, ಮಾರ್ಚಿನ ಧೂಳಿನಲ್ಲಿ ಅಷ್ಟು ಸ್ವಚ್ಛವಾಗಿ ಓಡಿದ ಚೈನನ್ನು ನಾನು ಕಂಡಿಲ್ಲ, ಕೈಯಿಂದ ಮುಟ್ಟಿದರೂ ಕಪ್ಪಾಗುತ್ತಿರಲಿಲ್ಲ. ಜೂನಿನ ಮೊದಲ ವಾರ ಎರಡೇ ದಿನದಲ್ಲಿ ತುಕ್ಕು. ಮನೆಯ ಹಳೆಯ ಅಲ್ಯೂಮಿನಿಯಂ ಪಾತ್ರೆಯೊಂದು ಶಾಶ್ವತವಾಗಿ ನನ್ನ ಪಾಲಾದದ್ದು ಅದರ ಉಪಫಲ.

ಇನ್ನು ಡ್ರಿಪ್ಪಿನ ಕಥೆ. ವಿದೇಶದಲ್ಲಿ ಇಂಥ ವ್ಯವಸ್ಥೆ ಹೊಸದೇನಲ್ಲ. ಸ್ಕಾಟ್ಲೆಂಡಿನ ಸ್ಕಾಟ್‌ಆಯಿಲರ್ ಕಂಪನಿಯವರು ಎಂಜಿನ್ ಗಾಳಿ ಎಳೆದುಕೊಳ್ಳುವಾಗ ಉಂಟಾಗುವ ನಿರ್ವಾತದಿಂದ ತೆರೆದುಕೊಳ್ಳುವ ಸಾಧನವನ್ನು ವರ್ಷಗಟ್ಟಲೆಯಿಂದ ಮಾರುತ್ತಿದ್ದಾರೆ. ಅದನ್ನು ತರಿಸುವ ದುಡ್ಡಿನಲ್ಲಿ ನನಗೆ ಐದಾರು ಚೈನ್ ಕಿಟ್ ಬರುತ್ತದೆ, ಹಾಗಾಗಿ ಆ ಮಾತು ಅಲ್ಲಿಗೆ ಮುಗಿಯಿತು. ಸಲೈನ್ ಸೆಟ್ಟಾದರೆ ಮೂವತ್ತು ನಲವತ್ತು ರೂಪಾಯಿ. ಹನಿ ಕಣ್ಣಿಗೆ ಕಾಣುವ ಕೋಣೆ, ಹರಿವು ತಿದ್ದುವ ಗಾಲಿ ಎರಡೂ ಅದರಲ್ಲೇ ಇವೆ.

ಮೊದಲನೆಯದನ್ನು ಸೈಡ್ ಕವರಿನೊಳಗೆ 100 ಮಿಲಿಯ ಸಿರಪ್ ಬಾಟಲಿ ತಲೆಕೆಳಗಾಗಿ ಕಟ್ಟಿ, 90 ನಂಬರ್ ಗೇರ್ ಆಯಿಲ್ ತುಂಬಿ ಮಾಡಿದೆ. ಶೆಡ್ಡಿನಲ್ಲಿ ನಿಮಿಷಕ್ಕೆ ಎರಡು ಹನಿ ಅಚ್ಚುಕಟ್ಟಾಗಿ ಬೀಳುತ್ತಿತ್ತು. ರಸ್ತೆಗಿಳಿದರೆ ಎಂಜಿನ್ನಿನ ನಡುಕಕ್ಕೆ ಗಾಲಿ ತಾನೇ ಸಡಿಲಗೊಂಡು, ರಿಪ್ಪನ್‌ಪೇಟೆ ಮುಟ್ಟುವಷ್ಟರಲ್ಲಿ ಬಾಟಲಿ ಖಾಲಿ. ಮುಂದಿನ ಸಲ ಗಾಲಿಯನ್ನು ತಂತಿಯಿಂದ ಬಿಗಿದೆ, ಆಗ ಎಣ್ಣೆ ಬರುವುದೇ ನಿಂತಿತು. ಬಾಟಲಿಗೆ ಗಾಳಿ ಹೋಗಲು ದಾರಿಯಿರಲಿಲ್ಲ. ತೂತು ಮಾಡಿದರೆ ಅಲ್ಲಿಂದ ಮಳೆನೀರು ಇಳಿದು ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿತು. ಕೊನೆಗೆ ಗಾಳಿಯ ಕೊಳವೆಯನ್ನು ಸೀಟಿನ ಅಡಿಗೆ ತಂದು ಬಾಯಿ ಕೆಳಕ್ಕೆ ಬಾಗಿಸಿದ ಮೇಲೆ ಆ ಕಾಟ ತಪ್ಪಿತು. ಸಲೈನಿನ ಕೊಳವೆ ಕೂಡ ಎಣ್ಣೆಗೆ ಬಾಳುವುದಿಲ್ಲ, ಕೆಲವು ತಿಂಗಳಲ್ಲಿ ಹಳದಿಗಟ್ಟಿ ಕಡ್ಡಿಯಂತಾಗುತ್ತದೆ. ಹನಿಕೋಣೆ ಉಳಿಸಿಕೊಂಡು ಮಿಕ್ಕದ್ದಕ್ಕೆಲ್ಲ ಪೆಟ್ರೋಲ್ ಪೈಪು ಹಾಕಿ. ಹರಿವು ತಿದ್ದುವುದಕ್ಕೆ ಮೀನಿನ ತೊಟ್ಟಿಯ ಗಾಳಿಕೊಳವೆಗೆ ಹಾಕುವ ಹಿತ್ತಾಳೆಯ ಪುಟ್ಟ ವಾಲ್ವ್ ಗಾಲಿಗಿಂತ ಎಷ್ಟೋ ಮೇಲು, ಸ್ಕ್ರೂ ಬಿಗಿಯಿದ್ದರೆ ಅಲುಗುವುದಿಲ್ಲ.

ನಿಲ್ಲಿಸುವುದು ಮರೆಯುವುದು ದೊಡ್ಡ ತಲೆನೋವು. ಕೊಪ್ಪದ ಡಾಕ್ಟರೊಬ್ಬರ ಅಂಗಳದ ಕಡಪ ಕಲ್ಲಿನ ಮೇಲೆ ನನ್ನ ಎಣ್ಣೆಯ ಭೂಪಟ ಈಗಲೂ ಇದೆ. ಇದಕ್ಕೆ ಉತ್ತರ ಸಿಕ್ಕಿದ್ದು ಗುಜರಿಯಲ್ಲಿ. ಹಳೆಯ ಕಾರ್ಬ್ಯುರೇಟರ್ ಸ್ಕೂಟರುಗಳಲ್ಲಿ ಎಂಜಿನ್ ತಿರುಗುವಾಗ ಮಾತ್ರ, ಅದೇ ನಿರ್ವಾತದಿಂದ ತೆರೆದು, ಪೆಟ್ರೋಲ್ ಬಿಡುವ ಆಟೋ ಕಾಕ್ ಇರುತ್ತದಲ್ಲ, ಅದನ್ನೇ 150 ರೂಪಾಯಿಗೆ ತಂದೆ. ನನ್ನ ಬೈಕೂ ಕಾರ್ಬ್ಯುರೇಟರಿನದ್ದು. ಇನ್‌ಟೇಕ್ ಕಡೆಯಿಂದ ಏರ್ ವಾಲ್ವ್‌ಗೆ ಹೋಗುವ ತೆಳು ಕೊಳವೆಗೆ ಟಿ (ಮೂರು ಬಾಯಿಯ ಜೋಡು) ಹಾಕಿ ಕಾಕ್‌ಗೆ ನಿರ್ವಾತ ಕೊಟ್ಟೆ. ಎಂಜಿನ್ ಶುರುವಾದರೆ ಹನಿ ಶುರು, ಆಫ್ ಮಾಡಿದರೆ ಬಂದ್. ಇದನ್ನು ನೋಡಿದ ದಿನ ಮೆಕ್ಯಾನಿಕ್ ನಗಲಿಲ್ಲ. ಇಂಜೆಕ್ಷನ್ ಬೈಕಿನವರು ಆ ಕೊಳವೆಗಳಿಗೆ ಕೈಹಾಕಬೇಡಿ, ಗಾಳಿ ಸೋರಿದರೆ ಮೀಟರಿನಲ್ಲಿ ಎಂಜಿನ್ ದೀಪ ಹತ್ತಿ ಕೂರುತ್ತದೆ. ಕೈಯಿಂದ ತಿರುಗಿಸುವ ಕಾಕ್ ಸಾಕು.

ಟೈರಿನ ಮಾತಿಗೆ ಬಂದೆ. ಹನಿ ಎಲ್ಲಿ ಬೀಳಬೇಕು ಎಂಬುದರಲ್ಲೇ ಎಲ್ಲವೂ ಇದೆ. ಚೈನಿನ ಮೇಲೆ ಎಲ್ಲೋ ಬಿಟ್ಟರೆ ಅರ್ಧ ಎಣ್ಣೆ ರಿಮ್ಮಿಗೆ, ಅಲ್ಲಿಂದ ಟೈರಿನ ಅಂಚಿಗೆ. ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ ಅಂಥ ಅಂಚು ಬೇಡವೇ ಬೇಡ. ಹಿಂದಿನ ಸ್ಪ್ರಾಕೆಟ್ಟಿನ ಕೆಳಭಾಗದಲ್ಲಿ, ಚೈನು ಹಲ್ಲಿಗೆ ಕೂರುವುದಕ್ಕೆ ಸ್ವಲ್ಪ ಮೊದಲು, ಸ್ಪ್ರಾಕೆಟ್ಟಿನ ಮೈಗೆ ಹನಿ ತಾಗಬೇಕು. ತಿರುಗುವ ರಭಸಕ್ಕೆ ಎಣ್ಣೆ ಅಂಚಿಗೆ ಸರಿದು, ಹಲ್ಲಿನ ಮೂಲಕ ರೋಲರಿನ ಒಳಗೆ ಹೋಗುತ್ತದೆ. ಹತ್ತಿರ ಓಡಿಸಿ ಬಂದು ಬಿಳಿ ಟಿಶ್ಯೂವಿನಿಂದ ಟೈರಿನ ಎಡಮಗ್ಗುಲನ್ನು ಒರೆಸಿ ನೋಡಿ. ಕಲೆ ಕಂಡರೆ ಹನಿ ಕಡಿಮೆ ಮಾಡಿ, ಅಥವಾ ತುದಿಯನ್ನು ಸರಿಸಿ. ಕಲೆ ನಿಲ್ಲುವವರೆಗೆ ಘಾಟಿಗೆ ಹೋಗಬೇಡಿ. ನಾನು ಒಂದು ವಾರ ಸಾಗರ ರಸ್ತೆಯಲ್ಲಷ್ಟೇ ಓಡಿಸಿದೆ. ತುದಿಗೆ ಏನು ಹಾಕಿದ್ದೇನೆ ಎಂದು ಬಹಳ ಜನ ಕೇಳಿದ್ದಾರೆ. ಅದು ನನ್ನ ಹತ್ತಿರವೇ ಇರಲಿ, ಔಷಧಿ ಅಂಗಡಿಯಲ್ಲೇ ಸಿಗುವ ವಸ್ತು ಎಂದಷ್ಟೇ ಹೇಳುತ್ತೇನೆ.

ಎಣ್ಣೆಯ ದಪ್ಪ ಇನ್ನೊಂದು ಗೋಳು. ಡಿಸೆಂಬರಿನ ಬೆಳಗಿನ ಚಳಿಯಲ್ಲಿ 90 ನಂಬರ್ ಆಯಿಲ್ ಹನಿಯುವುದೇ ಇಲ್ಲ, ಏಪ್ರಿಲ್ ಮಧ್ಯಾಹ್ನ ಭದ್ರಾವತಿಯಲ್ಲಿ ಅದೇ ಎಣ್ಣೆ ನಿಮಿಷಕ್ಕೆ ಐದಾರು ಹನಿ ಸುರಿಯುತ್ತದೆ. ಚಳಿಗಾಲಕ್ಕೆ ಅದಕ್ಕಿಂತ ತೆಳುವಾದ, ಹೊಸ 20ಡಬ್ಲ್ಯು-40 ಎಂಜಿನ್ ಆಯಿಲ್ ಬೆರೆಸುತ್ತೇನೆ. ಮಳೆಗಾಲಕ್ಕೆ ತೋಟದ ಮರ ಕೊಯ್ಯುವ ಚೈನ್ ಸಾಗೆ ಹಾಕುವ ಎಣ್ಣೆ ಬೆರೆಸುತ್ತೇನೆ, ಅದಕ್ಕೆ ಅಂಟುವ ಗುಣ ಹೆಚ್ಚು, ಬೇಗ ಸಿಡಿಯುವುದಿಲ್ಲ. ಅಳತೆಯನ್ನು ನಿಮ್ಮ ರಸ್ತೆಗೆ ತಕ್ಕಂತೆ ನೀವೇ ಕಂಡುಕೊಳ್ಳಿ. ನನ್ನದನ್ನು ಕಂಡುಕೊಳ್ಳಲು ಒಂದು ಪೂರ್ತಿ ಮಳೆಗಾಲ ಹಿಡಿಯಿತು, ಅಷ್ಟು ಸುಲಭಕ್ಕೆ ಬಿಟ್ಟುಕೊಡಲಾರೆ.

ನಿಮಿಷಕ್ಕೆ ಒಂದೆರಡು ಹನಿಯ ಲೆಕ್ಕದಲ್ಲಿ ನೂರು ಕಿಲೋಮೀಟರಿಗೆ ನಾಲ್ಕೈದು ಮಿಲಿ ಎಣ್ಣೆ ಸಾಕಾಗುತ್ತದೆ. ಈವರೆಗೆ ಚೆಲ್ಲಿದ್ದೂ ಸೇರಿ ಒಂದೂವರೆ ಲೀಟರ್ ಮುಗಿದಿರಬಹುದು, 600 ರೂಪಾಯಿ ಎಂದಿಟ್ಟುಕೊಳ್ಳಿ. ಇಡೀ ಜೋಡಣೆಗೆ ಬಿದ್ದದ್ದು 500ರ ಒಳಗೆ. ಮೊದಲು ಕಿಟ್, ಕೂಲಿ, ಸ್ಪ್ರೇ ಎಂದು ವರ್ಷಕ್ಕೆ ನಾಲ್ಕು ಸಾವಿರದ ಮೇಲೆ ಹೋಗುತ್ತಿತ್ತು.

ತೊಳೆಯುವುದು ನಿಂತಿಲ್ಲ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಡೀಸೆಲ್, ಬ್ರಷ್ಷು, ಬಟ್ಟೆ. ಸೆಂಟರ್ ಸ್ಟ್ಯಾಂಡ್ ಹಾಕಿ ಚಕ್ರವನ್ನು ಕೈಯಿಂದಲೇ ತಿರುಗಿಸುತ್ತೇನೆ. ಎಂಜಿನ್ ಚಾಲೂ ಇಟ್ಟು ಗೇರ್ ಹಾಕಿ ಚೈನಿಗೆ ಬಟ್ಟೆ ಹಿಡಿಯುವವರು ದಯವಿಟ್ಟು ಬಿಡಿ, ಆ ರೀತಿ ಅರ್ಧವಾದ ಬೆರಳುಗಳನ್ನು ನಾನು ಕಣ್ಣಾರೆ ನೋಡಿದ್ದೇನೆ. ಬಿಗಿಯ ವಿಷಯದಲ್ಲೂ ಒಂದು ಮಾತು: ಎಲ್ಲಿ ಅತಿ ಬಿಗಿಯಿದೆಯೋ ಆ ಜಾಗದಲ್ಲಿ, ನೀವು ಬೈಕಿನ ಮೇಲೆ ಕೂತಿರುವಾಗ, ಇನ್ನೊಬ್ಬರಿಂದ ಸಡಿಲು ನೋಡಿಸಿ. ಹಿಂದೆ ಚೀಲದ ಭಾರವಿದ್ದರೆ ಅದನ್ನೂ ಇಟ್ಟೇ ನೋಡಿಸಿ. ಲಾಕಿನ ಕ್ಲಿಪ್ಪಿನ ಮೇಲೆ ಒಂದು ಬೊಟ್ಟು ಸಿಲಿಕಾನ್ ಅಂಟು ಮೆತ್ತುತ್ತೇನೆ. ಅಂಟು ಕಿತ್ತಿದ್ದರೆ ಕ್ಲಿಪ್ ಅಲುಗಿದೆ ಎಂದು ದೂರದಿಂದಲೇ ತಿಳಿಯುತ್ತದೆ.

ಸವೆದಷ್ಟೂ ಚೈನು ಉದ್ದವಾಗುತ್ತದೆ, ಹಾಗಾಗಿ ಸವೆತಕ್ಕೆ ನಾನು ನಂಬುವುದು ಉಕ್ಕಿನ ಸ್ಕೇಲನ್ನು. 428ರಲ್ಲಿ ಒಂದು ಕೊಂಡಿಗೆ ಅರ್ಧ ಇಂಚು, ಚೈನನ್ನು ಎಳೆದು ಹಿಡಿದು ಇಪ್ಪತ್ತು ಕೊಂಡಿ ಅಳೆದರೆ ಹೊಸದರಲ್ಲಿ ಸರಿಯಾಗಿ 10 ಇಂಚು, ಅಂದರೆ 254 ಮಿಲಿಮೀಟರ್. ಹಳೆಯ ಕಿಟ್ಟುಗಳು 12 ಸಾವಿರಕ್ಕೆ 259 ಮುಟ್ಟುತ್ತಿದ್ದವು. ಈಗಿನದು 256ರ ಸುತ್ತಮುತ್ತ ಇದೆ. 257 ದಾಟಿದ ದಿನ ಚೈನು ಎಷ್ಟೇ ಚೆನ್ನಾಗಿ ಕಂಡರೂ ಕಿತ್ತೆಸೆಯುತ್ತೇನೆ, ಇನ್ನೊಂದು ಕ್ರ್ಯಾಂಕ್ ಕೇಸಿಗೆ ದುಡ್ಡಿಲ್ಲ.

ಒಂದು ವಿಷಯಕ್ಕೆ ಮಾತ್ರ ಮೆಕ್ಯಾನಿಕ್ ಈಗಲೂ ತಕರಾರು ತೆಗೆಯುತ್ತಾನೆ. ಸುಮಾರು 20 ಸಾವಿರಕ್ಕೆ ಮುಂದಿನ ಸ್ಪ್ರಾಕೆಟ್ಟಿನ ಹಲ್ಲು ಒಂದು ಕಡೆಗೆ ವಾಲಿತ್ತು, ಹಿಂದಿನದೂ ಚೈನೂ ಚೆನ್ನಾಗಿದ್ದವು. ಬದಲಿಸಿದರೆ ಮೂರನ್ನೂ ಬದಲಿಸಬೇಕು ಎಂಬುದು ಅವನ ಪಾಠ, ಎಲ್ಲರ ಪಾಠವೂ ಅದೇ. ಚೈನು ಅಳತೆಯೊಳಗೆ ಇದ್ದುದರಿಂದ ನಾನು 200 ರೂಪಾಯಿ ಚಿಲ್ಲರೆ ಕೊಟ್ಟು ಮುಂದಿನದನ್ನಷ್ಟೇ ಹಾಕಿಸಿದೆ. ಮೊದಲ ಕೆಲವು ನೂರು ಕಿಲೋಮೀಟರ್ ಸಣ್ಣಗೆ ಗುಂಯ್‌ಗುಟ್ಟಿತು, ಆಮೇಲೆ ಸುಮ್ಮನಾಯಿತು. ಅದಾದ ಮೇಲೆ 8 ಸಾವಿರ ಓಡಿದೆ, ಹಲ್ಲುಗಳು ನೆಟ್ಟಗಿವೆ. ಈ ಕಿಟ್ಟು ಮೂರನೇ ಮಳೆಗಾಲ ದಾಟುವುದಿಲ್ಲ ಎಂದು ಅವನು ಬಾಜಿ ಕಟ್ಟಿದ್ದಾನೆ, ಗೆದ್ದವರಿಗೆ ಒಂದು ಲೀಟರ್ ಗೇರ್ ಆಯಿಲ್.